ಹಳೇ ಶೆಫೀಲ್ಡ್ ಮಡಚುಚಾಕಿಗೆ ಹೊಸ ಹಿಡಿ

ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹಳೇ ಚಾಕುಗಳಲ್ಲಿ ಎಷ್ಟೋ ಸಲ ಅಲಗು, ಸ್ಪ್ರಿಂಗು ಎರಡೂ ಗಟ್ಟಿಯಾಗಿರುತ್ತವೆ. ಹಿಡಿಯ ಎಮ್ಮೆಕೊಂಬಿನ ಪಟ್ಟಿ ಮಾತ್ರ ಸೀಳಿರುತ್ತದೆ, ಇಲ್ಲವೇ ಹುಳು ತಿಂದಿರುತ್ತದೆ. ಅಂಥವಕ್ಕೆ ಮಾತ್ರ ನಾನು ಕೈ ಹಾಕುವುದು. ಕೂದಲೆಳೆಯಷ್ಟು ಬಿರುಕಿದ್ದರೂ ಮೂಲ ಪಟ್ಟಿ ಅಲ್ಲಾಡದೆ ಕೂತಿದ್ದರೆ ಅದನ್ನು ಮುಟ್ಟಬಾರದು.

ಕೊಳ್ಳುವಾಗ ಮೊದಲು ಅಲಗಿನ ಬುಡದ ಮುದ್ರೆ ನೋಡಿ. ಜೋಸೆಫ್ ರಾಜರ್ಸ್ ಕಂಪನಿಯ ಚಾಕಾದರೆ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ ಇರಬೇಕು. ಕಿರೀಟದ ಅಕ್ಕಪಕ್ಕ ವಿ, ಆರ್ ಅಕ್ಷರಗಳಿದ್ದರೆ ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ 1901ರವರೆಗಿನದು. ಆಮೇಲೆ ಚಾಕು ಮಡಚಿ ನೋಡಿ. ಅಲಗಿನ ತುದಿ ಹಿಡಿಯಿಂದ ಹೊರಗೆ ಇಣುಕುತ್ತಿದ್ದರೆ ಯಾರೋ ಮಸೆದು ಮಸೆದು ಸವೆಸಿದ್ದಾರೆ. ಅದಕ್ಕೆ ಹೊಸ ಹಿಡಿ ದಂಡ.

ಕೆಲಸ ಶುರುಮಾಡುವ ಮುಂಚೆ ಹಳೇ ಪಟ್ಟಿಯ ಮೇಲೆ ಕಾಗದವಿಟ್ಟು ಪಿನ್ನುಗಳ ಜಾಗ ಗುರುತು ಮಾಡಿಕೊಳ್ಳಿ. ಅಲಗು ತಿರುಗುವ ಪಿನ್ನು ಬೋಲ್ಸ್ಟರ್‌ನಲ್ಲಿ, ಅಂದರೆ ಹಿಡಿಯ ತುದಿಯ ಲೋಹದ ತುಂಡಿನಲ್ಲಿ, ಕಾಣದಂತೆ ಬೆರೆತಿರುತ್ತದೆ. ಚಾಕು ಟಕ್ಕೆಂದು ಮುಚ್ಚುತ್ತಿದ್ದರೆ ಅದನ್ನು ಬಿಚ್ಚುವ ಗೊಡವೆಯೇ ಬೇಡ. ತೆಗೆಯಬೇಕಾದ್ದು ಪಟ್ಟಿ, ಲೈನರ್ (ಪಟ್ಟಿಯ ಅಡಿಯ ಲೋಹದ ತಗಡು), ಸ್ಪ್ರಿಂಗು ಮೂರನ್ನೂ ದಾಟಿ ಹೋಗುವ ನಡುಪಿನ್ನು. ಅಲಗನ್ನು ಪೂರ್ತಿ ತೆರೆದಿಡಿ, ಅರ್ಧ ತೆರೆದಾಗ ಸ್ಪ್ರಿಂಗಿನ ಬಿಗಿ ಅತಿ ಹೆಚ್ಚು. ಪಿನ್ನಿನ ಒಂದು ತಲೆಯನ್ನು ಅರದಿಂದ ಉಜ್ಜಿ, ಪಿನ್ನಿಗಿಂತ ತುಸು ಸಣ್ಣ ಪಂಚ್‌ನಿಂದ ಆಚೆಗೆ ಬಡಿಯಿರಿ. ಪಿನ್ನು ಬಂದ ಕೂಡಲೇ ಸ್ಪ್ರಿಂಗು ಬೆನ್ನಿನ ಕಡೆಗೆ ಮೇಲೇಳುತ್ತದೆ. ಹೆದರಬೇಡಿ, ವೈಸ್‌ನ ದವಡೆಗೆ ಚರ್ಮ ಕಟ್ಟಿ ನಿಧಾನವಾಗಿ ಒತ್ತಿದರೆ ರಂಧ್ರಗಳು ಮತ್ತೆ ಒಂದೇ ಸಾಲಿಗೆ ಬರುತ್ತವೆ.

ಕಡವೆ ಕೊಂಬಿನ ಆಸೆ ಬೇಡ. 1972ರ ವನ್ಯಜೀವಿ ಕಾಯಿದೆಯಡಿ ಅದರ ವ್ಯಾಪಾರ ಅಪರಾಧ, ಕಾಡಿನಲ್ಲಿ ತಾನಾಗಿ ಉದುರಿದ್ದಾದರೂ ಅಷ್ಟೇ. ನಾನು ಬಳಸುವುದು 3ರಿಂದ 3.5 ಮಿ.ಮೀ. ದಪ್ಪದ ಎಮ್ಮೆ ಮೂಳೆ ಅಥವಾ ಬೀಟೆ. ಕೊಂಬು ನೋಡಲು ಚೆಂದ, ಆದರೆ ಬೇಸಿಗೆಯಲ್ಲಿ ಕುಗ್ಗಿ ಬೋಲ್ಸ್ಟರ್ ಬಳಿ ಸಂದು ಬಿಡುತ್ತದೆ. ಬೀಟೆಯಲ್ಲಿ ಎಣ್ಣೆಯಂಶವಿದೆ, ಅಂಟು ಹಚ್ಚುವ ಮುಂಚೆ ಅಸಿಟೋನ್‌ನಲ್ಲಿ ಒರೆಸದಿದ್ದರೆ ಪಟ್ಟಿ ಕಿತ್ತುಬರುತ್ತದೆ. ಮೂಳೆ ಉಜ್ಜುವಾಗ ಮಾಸ್ಕ್ ಕಡ್ಡಾಯ, ನೀರು ಹಚ್ಚಿ ಉಜ್ಜಿದರೆ ಇನ್ನೂ ಒಳ್ಳೆಯದು.

ಪಟ್ಟಿ ಬೋಲ್ಸ್ಟರ್‌ಗೆ ಕೂರುವ ಜಾಗದಲ್ಲೇ ಅರ್ಧ ದಿನ ಹೋಗುತ್ತದೆ, ಹೋಗಲಿ. ಪಟ್ಟಿಯ ತುದಿಯ ಒಳಬದಿಯನ್ನು ಕೂದಲಷ್ಟು ಹೆಚ್ಚು ತೇಯ್ದರೆ ಹೊರಬದಿಯ ಅಂಚು ಬಿಗಿಯಾಗಿ ಕೂರುತ್ತದೆ. ಬೆಳಕಿಗೆ ಹಿಡಿದಾಗ ಗೆರೆ ಕಾಣಬಾರದು. ಲೈನರ್‌ನ ಹಿತ್ತಾಳೆಯನ್ನು 80ರ ಮರಳುಕಾಗದದಲ್ಲಿ ಅಡ್ಡಡ್ಡ ಗೀರಿ, ಚಾಕಿನ ಒಳಗೆ ಅಂಟು ಇಳಿಯದಂತೆ ಸ್ಪ್ರಿಂಗಿಗೂ ಅಲಗಿನ ಬುಡಕ್ಕೂ ಮೇಣ ಸವರಿ. ಐದು ನಿಮಿಷದ ಎಪಾಕ್ಸಿ ಬೇಡ, ನಿಧಾನದ ಅರಾಲ್ಡೈಟ್ ಸಾಕು. ಕ್ಲ್ಯಾಂಪ್ ಅತಿ ಬಿಗಿ ಮಾಡಿದರೆ ಅಂಟೆಲ್ಲ ಹೊರಬಂದು ಸಂದಿ ಬರಿದಾಗುತ್ತದೆ.

ಒಂದು ಬದಿ ಒಣಗಿದ ಮೇಲೆ ಸ್ಪ್ರಿಂಗನ್ನು ವೈಸ್‌ನಲ್ಲಿ ಒತ್ತಿ ಹಿಡಿದು, ಆಚೆ ಬದಿಯ ನಡುರಂಧ್ರದ ಮೂಲಕವೇ ಡ್ರಿಲ್ ಇಳಿಸಿ. ಪಟ್ಟಿಯ ಹೊರಗೆ ಮರದ ತುಂಡು ಒತ್ತಿ ಹಿಡಿಯದಿದ್ದರೆ ಮೂಳೆ ಚಕ್ಕೆ ಏಳುತ್ತದೆ. ಎರಡನೇ ಪಟ್ಟಿಗೂ ಇದೇ ಕ್ರಮ. ಪಟ್ಟಿಯನ್ನು ಲೈನರ್‌ಗೆ ಮಾತ್ರ ಹಿಡಿಸುವ ಸಣ್ಣ ಪಿನ್ನುಗಳ ಕಥೆ ಬೇರೆ. ಕಾರ್ಖಾನೆಯಲ್ಲಿ ಅವನ್ನು ಲೈನರ್‌ನ ಒಳಗಿನಿಂದ ಬಡಿದಿರುತ್ತಾರೆ. ಚಾಕು ಬಿಚ್ಚದೆ ಅದು ಸಾಧ್ಯವಿಲ್ಲ. ಹಾಗಾಗಿ ಕಾಗದದ ಗುರುತಿನ ಪ್ರಕಾರ ತೂತು ಕೊರೆದು, ಪಿನ್ನು ಲೈನರ್‌ನ ಒಳಮುಖಕ್ಕಿಂತ ಅರ್ಧ ಮಿ.ಮೀ. ಹಿಂದೆಯೇ ನಿಲ್ಲುವಂತೆ ಅಂಟಿನಲ್ಲಿ ಕೂರಿಸುತ್ತೇನೆ. ಒಳಗೆ ಚಾಚಿಕೊಂಡರೆ ಅಲಗಿನ ಮೇಲೆ ಗೀರು ಬೀಳುತ್ತದೆ.

ನಡುಪಿನ್ನಿಗೆ ಹಳೆಯದನ್ನು ವರ್ನಿಯರ್‌ನಲ್ಲಿ ಅಳೆದು ಅದೇ ಗಾತ್ರದ ಜರ್ಮನ್ ಸಿಲ್ವರ್ (ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ) ತಂತಿ ಹಾಕಿ. ಪಟ್ಟಿಯ ರಂಧ್ರ ತುಸು ಸಡಿಲವಿರಲಿ, ಬಾಯಿ ಸ್ವಲ್ಪ ಅಗಲಿಸಿ. ಸಣ್ಣ ಸುತ್ತಿಗೆಯಲ್ಲಿ ಎರಡೂ ಕಡೆ ತಿರುಗಿಸುತ್ತಾ ಹಗುರಾಗಿ ತಟ್ಟಿ. ಜೋರಾಗಿ ಬಡಿದರೆ ಮೂಳೆ ಪಿನ್ನಿನಿಂದ ಅಂಚಿನವರೆಗೆ ಬಿರಿಯುತ್ತದೆ. ಕೊನೆಗೆ ಮರಳುಕಾಗದವನ್ನು ಗಟ್ಟಿ ತುಂಡಿಗೆ ಸುತ್ತಿ 220ರಿಂದ 1000ದವರೆಗೆ ಉಜ್ಜಿ. ಬೆರಳಲ್ಲಿ ಉಜ್ಜಿದರೆ ಮೂಳೆ ತಗ್ಗಿ ಬೋಲ್ಸ್ಟರ್ ಎದ್ದು ನಿಲ್ಲುತ್ತದೆ. ಅಲಗಿನ ಬೂದುಬಣ್ಣಕ್ಕೆ ಪಾಲಿಶ್ ತಾಗಿಸಬೇಡಿ, ಮುದ್ರೆಯೂ ಅಳಿದೀತು.

ಸೆಲ್ಯುಲಾಯ್ಡ್ ಎಂಬ ಹಳೇ ಬಗೆಯ ಪ್ಲಾಸ್ಟಿಕ್ ಹಿಡಿಯ ಚಾಕುಗಳನ್ನು ಮಾತ್ರ ಬೇರೆ ಪೆಟ್ಟಿಗೆಯಲ್ಲಿಡಿ. ಅದು ಕೊಳೆಯತೊಡಗಿದರೆ ಹೊರಬರುವ ಆಮ್ಲದ ಆವಿ ಪಕ್ಕದ ಉಕ್ಕಿಗೂ ತುಕ್ಕು ಹಿಡಿಸುತ್ತದೆ.