ಮಗುವಿನ ತಲೆಯಲ್ಲಿ ನೀರು: ಮೊದಲು ರಕ್ತನಾಳ, ಆಮೇಲೆ ಶಂಟ್

ಮಗುವಿನ ತಲೆಯಲ್ಲಿ ನೀರು ತುಂಬಲು ಅಪರೂಪಕ್ಕೆ ಮಿದುಳಿನ ರಕ್ತನಾಳದ ದೋಷ ಕಾರಣವಾಗಿರುತ್ತದೆ; ಅದರ ಸುಳಿವು ತಲೆಯ ಅಳತೆಯಲ್ಲೇ ಸಿಗಬಹುದು. ಮೊದಲ ಮೂರು ತಿಂಗಳು ಮಗುವಿನ ತಲೆಯ ಸುತ್ತಳತೆ ತಿಂಗಳಿಗೆ ಸುಮಾರು 2 ಸೆಂ.ಮೀ. ಹೆಚ್ಚುತ್ತದೆ, ಮುಂದಿನ ಮೂರು ತಿಂಗಳು ಸುಮಾರು 1 ಸೆಂ.ಮೀ. ಹಿಗ್ಗದ ಟೇಪನ್ನು ಹುಬ್ಬಿನ ಮೇಲಿಂದ, ಕಿವಿಗಳ ಮೇಲಿಂದ ಹಾಯಿಸಿ ಹಿಂತಲೆಯ ಉಬ್ಬಿಗೆ ಸುತ್ತಿ ಅಳೆಯಿರಿ. ತಾಯಿ ಕಾರ್ಡಿನಲ್ಲಿ ದಿನಾಂಕದೊಂದಿಗೆ ಬರೆಸಿ. ತಲೆ ಬೇಗ ಬೆಳೆದು, ನೆತ್ತಿ ಬಿಗಿದು ಉಬ್ಬಿ, ಹಣೆಯ ನರಗಳು ಎದ್ದು ಕಂಡರೆ ಮಕ್ಕಳ ವೈದ್ಯರಿಗೆ ತೋರಿಸಿ. ಹಾಲು ಕುಡಿಯುವಾಗ ಏದುಸಿರು, ಬೆವರು ಇದ್ದರೆ ಅದೇ ದಿನ ಹೋಗಬೇಕು. ನೆತ್ತಿಗೆ ಎಣ್ಣೆ ಇಟ್ಟು ಕಾಯುವ ಕಾಯಿಲೆಯಲ್ಲ ಇದು.

ನೆತ್ತಿಯ ಮೂಲಕವೇ ಅಲ್ಟ್ರಾಸೌಂಡ್ ಆಗುತ್ತದೆ. ರಕ್ತದ ಹರಿವು ತೋರಿಸುವ ಕಲರ್ ಡಾಪ್ಲರ್ ಇರಲೇಬೇಕು. ಇಲ್ಲದಿದ್ದರೆ ಮಿದುಳಿನ ನಡುಭಾಗದ ಕಪ್ಪು ಗುಂಡು ಬರೀ ನೀರುಗುಳ್ಳೆಯಂತೆ ಕಾಣುತ್ತದೆ. ಅದರೊಳಗೆ ರಕ್ತ ಸುಳಿಯುತ್ತಿದ್ದರೆ ಅಪರೂಪದ ‘ವೇನ್ ಆಫ್ ಗ್ಯಾಲನ್’ ದೋಷದ ಶಂಕೆ. ಧಮನಿಗಳು ನೇರವಾಗಿ ಅಭಿಧಮನಿಗೆ ಸೇರಿ ಅದು ಊದಿಕೊಂಡಿರುತ್ತದೆ. ಅಲ್ಲಿನ ಒತ್ತಡ ಏರಿದ್ದರಿಂದ ಮಿದುಳಿನ ನೀರು ಹೀರಿಹೋಗದೆ ನಿಲ್ಲುತ್ತದೆ. ಹೃದಯಕ್ಕೂ ಭಾರ ಬೀಳುವುದರಿಂದ ಎಂಆರ್‌ಐ, ಹೃದಯದ ಎಕೋ ಎರಡೂ ಬೇಕು.

ಎಡವುವುದು ಇಲ್ಲಿಯೇ. ನೀರು ಕಂಡೊಡನೆ ಶಂಟ್ (ಮಿದುಳಿನ ನೀರನ್ನು ಹೊರಹರಿಸುವ ಕೊಳವೆ) ಹಾಕಿದರೆ ಅಭಿಧಮನಿಯ ಒತ್ತಡ ಹಾಗೇ ಉಳಿಯುತ್ತದೆ; ರಕ್ತಸ್ರಾವ, ಫಿಟ್ಸ್ ಆಗುವ ಅಪಾಯವಿದೆ. ನೀರಿನ ಒತ್ತಡದಿಂದ ಮಗು ತೀರಾ ಕಂಗೆಟ್ಟಿರದಿದ್ದರೆ ಮೊದಲ ಕೆಲಸ ಎಂಬೊಲೈಸೇಶನ್, ಅಂದರೆ ಧಮನಿ–ಅಭಿಧಮನಿಯ ಸೇರುವೆಯನ್ನು ಒಳಗಿನಿಂದಲೇ ಮುಚ್ಚುವುದು. ಹೃದಯ ತಡೆದುಕೊಂಡು ಮಗು ಬೆಳೆಯುತ್ತಿದ್ದರೆ ಸಾಮಾನ್ಯವಾಗಿ 4ರಿಂದ 6 ತಿಂಗಳ ವಯಸ್ಸಿಗೆ ಮಾಡುತ್ತಾರೆ. ಹೃದಯ ಸೋಲುತ್ತಿದ್ದರೆ, ತಲೆ ಹಿಗ್ಗುತ್ತಲೇ ಇದ್ದರೆ ಅಷ್ಟು ಕಾಯುವುದಿಲ್ಲ.

ಹೋಗುವುದೆಲ್ಲಿಗೆ? ಉತ್ತರ ಕನ್ನಡದವರಿಗೆ ಕಾರವಾರ, ಶಿರಸಿಯಲ್ಲಿ ಸ್ಕ್ಯಾನ್ ಆದೀತು. ಮುಂದಿನದಕ್ಕೆ ಮಕ್ಕಳ ಮಿದುಳಿನ ರಕ್ತನಾಳದ ಚಿಕಿತ್ಸೆಯಲ್ಲಿ ಪಳಗಿದ ತಂಡ, ಎಳೆಗೂಸಿನ ಐಸಿಯು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮೊದಲೇ ಫೋನಿನಲ್ಲಿ ವಿಚಾರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ, ಪಡಿತರ ಚೀಟಿ, ಆಧಾರ್ ಜತೆಗಿರಲಿ. ಸ್ಕ್ಯಾನ್ ವರದಿ ಮಾತ್ರ ಸಾಲದು, ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಮಳೆಗಾಲವಾದರೆ ಘಟ್ಟದ ರಸ್ತೆ ತೆರೆದಿದೆಯೇ ಎಂದು ಕೇಳಿಯೇ ಹೊರಡಿ.

ಎಂಬೊಲೈಸೇಶನ್‌ನಲ್ಲಿ ತಲೆ ತೆರೆಯುವುದಿಲ್ಲ. ತೊಡೆಸಂದಿನ ಧಮನಿಯಿಂದ ಕೂದಲೆಳೆಯಂಥ ಕೊಳವೆಯನ್ನು ಸೇರುವೆಯವರೆಗೆ ಒಯ್ದು ಅಂಟು ಬಿಡುತ್ತಾರೆ. ಅಂಟು ರಕ್ತ, ಸಲೈನ್ ಸೋಕಿದರೆ ಗಟ್ಟಿಯಾಗುವುದರಿಂದ ಕೊಳವೆಯನ್ನು ಮೊದಲು ಶೇ 5ರ ಡೆಕ್ಸ್‌ಟ್ರೋಸ್‌ನಿಂದ ತೊಳೆಯುತ್ತಾರೆ. ಎಕ್ಸ್‌ರೇಯಲ್ಲಿ ಕಾಣಲೆಂದು ಲಿಪಿಯೊಡಾಲ್ ಎಣ್ಣೆ ಬೆರೆಸುತ್ತಾರೆ. ಎಣ್ಣೆ ಹೆಚ್ಚಿದಷ್ಟೂ ಅಂಟು ಗಟ್ಟಿಯಾಗುವುದು ತಡ. ಬೇಗ ಗಟ್ಟಿಯಾದರೆ ಸೇರುವೆ ಮುಚ್ಚದು, ತಡವಾದರೆ ಶ್ವಾಸಕೋಶಕ್ಕೆ ಹರಿದೀತು. ಎಲ್ಲವನ್ನೂ ಒಂದೇ ಸಲ ಮುಚ್ಚಿದರೆ ಒತ್ತಡ ಹಠಾತ್ತನೆ ಬದಲಾಗಿ ರಕ್ತಸ್ರಾವವಾದೀತು; ಹಾಗಾಗಿ ಕಂತುಗಳಲ್ಲಿ ಮಾಡುತ್ತಾರೆ. ಮುಗಿದ ಮೇಲೆ ಆ ಕಾಲು ಬೆಚ್ಚಗಿದೆಯೇ, ಬಣ್ಣ ಸರಿಯಿದೆಯೇ ಎಂದು ನರ್ಸ್ ಪದೇಪದೇ ನೋಡುತ್ತಿರುತ್ತಾರೆ.

ಹಲವು ಮಕ್ಕಳಲ್ಲಿ ಇಷ್ಟಕ್ಕೇ ನೀರು ಹತೋಟಿಗೆ ಬರುತ್ತದೆ. ಬರದಿದ್ದರೆ ಆಗ ಎಂಡೋಸ್ಕೋಪಿಯಿಂದ ಮಿದುಳಿನೊಳಗೆ ನೀರಿಗೆ ದಾರಿ ಮಾಡಬೇಕೇ, ಶಂಟ್ ಹಾಕಬೇಕೇ ಎಂಬ ವಿಚಾರ. ಶಂಟ್ ಇರುವ ಮಗುವಿಗೆ ವಾಂತಿ, ಮಂಪರು, ಕಾರಣವಿಲ್ಲದ ಜ್ವರ ಬಂದರೆ ಶಂಟ್ ಕಟ್ಟಿಕೊಂಡಿರಬಹುದು ಅಥವಾ ಸೋಂಕಾಗಿರಬಹುದು. ಮನೆಮದ್ದು ಮಾಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.