50 ಲೀಟರ್ ಹಾಪರ್‌ಗೆ ಮೇಲಿನ ಬಾಯಿ ಎಷ್ಟಿರಬೇಕು?

ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮೇಲಿನ ಹಾಪರ್, ಅಂದರೆ ಹಣ್ಣು ಸುರಿಯುವ ಆಲಿಕೆಯಂಥ ಪಾತ್ರೆ, ತುಕ್ಕು ಹಿಡಿದು ತೂತಾಯಿತು. ಹೊಸದು ಮಾಡಿಸಲು ವೆಲ್ಡಿಂಗ್ ಅಂಗಡಿಗೆ ಹೋದರೆ ಮೊದಲ ಮಾತೇ "ಅಳತೆ ಹೇಳಿ ಸರ್". ನನ್ನ ಹತ್ತಿರ ಇದ್ದದ್ದು ಮೂರೇ ಲೆಕ್ಕ: 50 ಲೀಟರ್ ಕಾಫಿ ಹಣ್ಣು ಹಿಡಿಯಬೇಕು, ಎತ್ತರ 40 ಸೆಂ.ಮೀ. ದಾಟಬಾರದು (ದಾಟಿದರೆ ಬುಟ್ಟಿ ಎತ್ತಿ ಸುರಿಯುವವರ ಭುಜ ಬಿದ್ದುಹೋಗುತ್ತದೆ), ಕೆಳಗಿನ ಬಾಯಿ 16 ಸೆಂ.ಮೀ. ಅಗಲ ಇರಬೇಕು. ಮೇಲಿನ ಬಾಯಿ?

ಇದು ಹತ್ತನೇ ಕ್ಲಾಸಿನಲ್ಲಿ ಓದಿದ ಶಂಕುವಿನ ಭಿನ್ನಕ, ಅಂದರೆ ಚೂಪು ತುದಿ ಕತ್ತರಿಸಿದ ಶಂಕು, ಅಲ್ವಾ? ಎರಡೂ ಬಾಯಿಯ ತ್ರಿಜ್ಯಗಳ ವರ್ಗ ಕೂಡಿಸಿ, ಎರಡು ತ್ರಿಜ್ಯಗಳ ಗುಣಲಬ್ಧವನ್ನೂ ಸೇರಿಸಿ. ಬಂದದ್ದನ್ನು ಪೈ ಮತ್ತು ಎತ್ತರದಿಂದ ಗುಣಿಸಿ 3ರಿಂದ ಭಾಗಿಸಿದರೆ ಘನಫಲ. ದಯವಿಟ್ಟು ಎರಡು ಬಾಯಿಯ ಸರಾಸರಿ ತೆಗೆದು ಡ್ರಮ್ ಥರ ಲೆಕ್ಕ ಹಾಕಬೇಡಿ. ನಮ್ಮ ಹಾಪರ್‌ಗೆ ಹಾಗೆ ಮಾಡಿದರೆ 45 ಲೀಟರ್ ಅಂತ ಬರುತ್ತದೆ, ಪೂರ್ತಿ 5 ಲೀಟರ್ ಕಡಿಮೆ.

ಈಗ ತಿರುವಿ ಹಾಕೋಣ. 1 ಲೀಟರ್ ಅಂದರೆ 1000 ಘನ ಸೆಂ.ಮೀ., ಹಾಗಾಗಿ ನಮಗೆ ಬೇಕಾದದ್ದು 50,000. ಅದನ್ನು 3ರಿಂದ ಗುಣಿಸಿ, ಪೈ × 40ರಿಂದ ಭಾಗಿಸಿ: 1193.7. ಇದರ ನಾಲ್ಕು ಪಟ್ಟು 4774.6. ಇದರಿಂದ ಗೊತ್ತಿರುವ ತ್ರಿಜ್ಯದ (8) ವರ್ಗದ ಮೂರು ಪಟ್ಟು, ಅಂದರೆ 192 ಕಳೆಯಿರಿ. ಉಳಿದ 4582.6ರ ವರ್ಗಮೂಲ 67.7. ಅದರಲ್ಲಿ 8 ಕಳೆದರೆ 59.7. ಇದೇ ಮೇಲಿನ ಬಾಯಿಯ ಅಗಲ! ಅರ್ಧ ಮಾಡಿದರೆ ತ್ರಿಜ್ಯ, 29.85. ನನಗೆ ತುಂಬಾ ಇಷ್ಟವಾದದ್ದು ಇದು, ಅಂಗಡಿಯವರು ಕೇಳುವ ಅಗಲ ನೇರವಾಗಿ ಕೈಗೆ ಸಿಗುತ್ತದೆ. ಮೇಲಿನ ಬಾಯಿ ಗೊತ್ತಿದ್ದು ಕೆಳಗಿನದು ಬೇಕಾದರೂ ಇದೇ ದಾರಿ. ಆದರೆ ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಅಂಥ ಹಾಪರ್ ಮಾಡಲು ಸಾಧ್ಯವೇ ಇಲ್ಲ. ಎತ್ತರ ಕಡಿಮೆ ಮಾಡಿ ಮತ್ತೆ ನೋಡಿ.

ಎರಡೂ ಬಾಯಿ ಗೊತ್ತಿದ್ದು ಎತ್ತರ ಮಾತ್ರ ಬೇಕಾದರೆ ಇನ್ನೂ ಸುಲಭ: ಘನಫಲದ ಮೂರು ಪಟ್ಟನ್ನು ಪೈಯಿಂದಲೂ, ವರ್ಗ-ಗುಣಲಬ್ಧಗಳ ಆ ಮೊತ್ತದಿಂದಲೂ ಭಾಗಿಸಿ.

ಶೀಟ್ ಕತ್ತರಿಸಲು ಓರೆ ಎತ್ತರ ಬೇಕು. ತ್ರಿಜ್ಯಗಳ ವ್ಯತ್ಯಾಸ 21.85, ಎತ್ತರ 40. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 45.6. ಇದನ್ನು 21.85ರಿಂದ ಭಾಗಿಸಿ, ಒಮ್ಮೆ 29.85ರಿಂದ, ಒಮ್ಮೆ 8ರಿಂದ ಗುಣಿಸಿ: 62.3 ಮತ್ತು 16.7. ಶೀಟ್ ಮೇಲೆ ಒಂದು ಮೊಳೆ ಇಟ್ಟು, ದಾರ ಕಟ್ಟಿ, ಈ ಎರಡು ಅಳತೆಯಲ್ಲಿ ಕಮಾನು ಎಳೆಯಿರಿ. ಕೋನ 360 × 29.85 ÷ 62.3, ಸುಮಾರು 172.5 ಡಿಗ್ರಿ. ನೋಡಲು ಹೆಚ್ಚುಕಡಿಮೆ ಅರ್ಧ ಚಂದ್ರ. ಜಾಯಿಂಟ್ ಮಡಚುವುದಾದರೆ ಅಂಚಿಗೆ ಒಂದೂವರೆ ಸೆಂ.ಮೀ. ಜಾಸ್ತಿ ಬಿಡಿ, ಅದನ್ನು ಮೇಲಿನ ಲೆಕ್ಕಕ್ಕೆ ಸೇರಿಸಬೇಡಿ.