ಡಿ.ಡಿ. ಹಿಡಿದು ಅಲೆದ ಪರ್ಮಿಟ್, ನಿಪ್ಪಾಣಿಯ ಡೀಸೆಲ್

ತಿಪಟೂರಿನಿಂದ ದೆಹಲಿಗೆ ಕೊಬ್ಬರಿ ಲೋಡ್ ಹೊಡೆಯುವುದು ನನ್ನ ಕಸುಬು. ಇರುವುದು ಒಂದೇ ಹತ್ತು ಚಕ್ರದ ಲಾರಿ. ಹುಳಿಯಾರು, ಹಿರಿಯೂರು ದಾಟಿ ಹೆದ್ದಾರಿ ಹತ್ತಿದರೆ ನಿಪ್ಪಾಣಿವರೆಗೆ ನಮ್ಮ ರಾಜ್ಯ. ಆಮೇಲೆ ಮಹಾರಾಷ್ಟ್ರ, ಗುಜರಾತ್, ರಾಜಸ್ಥಾನ, ಹರಿಯಾಣ, ದೆಹಲಿ.

ಈ ಐದು ಹೆಸರು ಸುಮ್ನೆ ಹೇಳಿದ್ದಲ್ಲ. 2010ಕ್ಕೆ ಮುಂಚೆ ಒಂದೊಂದು ಹೆಸರಿಗೂ ವರ್ಷಕ್ಕೆ 5,000 ರೂಪಾಯಿ ಕಟ್ಟಬೇಕಿತ್ತು. ನ್ಯಾಷನಲ್ ಪರ್ಮಿಟ್ ಅಂತ ಹೆಸರೇನೋ ದೊಡ್ಡದು, ಆದರೆ ಅದು ಇಡೀ ದೇಶಕ್ಕೆ ಆಗುತ್ತಿರಲಿಲ್ಲ. ನಮ್ಮ ರಾಜ್ಯ ಸೇರಿ ಕನಿಷ್ಠ ನಾಲ್ಕು ರಾಜ್ಯ ಆರಿಸಿಕೊಳ್ಳಬೇಕು, ಹೊರಗಿನ ಒಂದೊಂದಕ್ಕೂ ಬ್ಯಾಂಕಿನಲ್ಲಿ ಬೇರೆ ಬೇರೆ ಡಿ.ಡಿ. (ಡಿಮ್ಯಾಂಡ್ ಡ್ರಾಫ್ಟ್) ತೆಗೆಸಬೇಕು. ಆರಿಸದ ರಾಜ್ಯಕ್ಕೆ ಒಳ್ಳೆ ಬಾಡಿಗೆ ಬಂತು ಅನ್ನಿ, ತಾತ್ಕಾಲಿಕ ಪರ್ಮಿಟ್‌ಗೆ ಓಡಾಡು, ಇಲ್ಲ ಲೋಡ್ ಬಿಡು.

2009ರಲ್ಲಿ ಐದು ಡಿ.ಡಿ. ತೆಗೆಸಿದೆ. ರಾಜಸ್ಥಾನದ್ದರಲ್ಲಿ ಅಧಿಕಾರಿಯ ಹುದ್ದೆ ತಪ್ಪಾಗಿ ಟೈಪ್ ಆಗಿತ್ತು. ಬ್ಯಾಂಕಿನವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಪರ್ಮಿಟ್ ಕೌಂಟರಿನಲ್ಲಿ ಕೂತವರು ಮಾತ್ರ ಸರಿಯಾಗಿ ನೋಡಿದರು. ಶುಕ್ರವಾರ ಮಧ್ಯಾಹ್ನ ವಾಪಸ್ ಕೊಟ್ಟರು. ಅದನ್ನು ರದ್ದು ಮಾಡಿಸಿ ಹೊಸದು ಬರೆಸುವ ಹೊತ್ತಿಗೆ ಬುಧವಾರ. ಲಾರಿ ಮಂಡಿ ಮುಂದೆ ಖಾಲಿ ನಿಂತಿತ್ತು. ಮಂಡಿ ಸಾವ್ಕಾರರು ಬಂದು, "ಏನಪ್ಪಾ, ಕೊಬ್ಬರಿ ನಿನ್ನ ಡಿ.ಡಿ.ಗೆ ಕಾಯ್ತಾ ಕೂತಿರುತ್ತಾ?" ಅಂದರು. ಲೋಡ್ ಬೇರೆಯವರಿಗೆ ಹೋಯಿತು.

2010ರ ಮೇ ತಿಂಗಳಿಂದ ವರ್ಷಕ್ಕೆ 15,000 ಕಟ್ಟಿದರೆ ದೇಶಕ್ಕೆಲ್ಲ ಪರ್ಮಿಟ್ ಅಂತಾಯಿತು. ನಮ್ಮ ರಾಜ್ಯಕ್ಕೆ ಇನ್ನೊಂದು 1,000. 2012ರಲ್ಲಿ 15,000 ಇದ್ದದ್ದು 16,500 ಆಯಿತು. ಆದರೂ 25,000 ಕಟ್ಟುತ್ತಿದ್ದ ನನಗೆ ಲಾಭವೇ. ಪಕ್ಕದ ಮೂರೇ ರಾಜ್ಯಕ್ಕೆ ಹೋಗಿಬರುತ್ತಿದ್ದವರಿಗೆ ಮಾತ್ರ ಏನೂ ಉಳಿಯಲಿಲ್ಲ, ಅವರು ಮೊದಲೂ 15,000ವೇ ಕಟ್ಟುತ್ತಿದ್ದರು. ಎಲ್ಲರಿಗೂ ಒಳ್ಳೆಯದಾಯಿತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ.

ಪರ್ಮಿಟ್ ಸಲೀಸಾದರೂ ಗಡಿಯಲ್ಲಿ ಸಾಲು ನಿಲ್ಲುವುದು ತಪ್ಪಲಿಲ್ಲ. ಸರಕಿನ ತೆರಿಗೆಯ ಕಾಗದ ತೋರಿಸಲು ನಿಂತು, ಡ್ರೈವರ್ ಸೀಟಲ್ಲೇ ನಿದ್ದೆ ಮಾಡಿದ್ದು ಎಷ್ಟು ರಾತ್ರಿಯೋ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದ ಮೇಲೆ ಆ ಚೆಕ್‌ಪೋಸ್ಟ್‌ಗಳು ಹೋದವು. ಆರ್‌ಟಿಓ ಚೆಕ್‌ಪೋಸ್ಟ್‌ಗಳು ಹಾಗೇ ಉಳಿದವು. ಗುಜರಾತಿನವರು ಅವನ್ನೂ 2019ರ ನವೆಂಬರಿನಲ್ಲಿ ತೆಗೆದರು.

2018ರ ಏಪ್ರಿಲ್‌ನಿಂದ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಚೀಟಿ, ಶುರುವಾಯಿತು. ಸರಕಿನ ಬೆಲೆ 50,000 ದಾಟಿದರೆ ಅದು ಬೇಕೇ ಬೇಕು. ಬಿಲ್ ಮಾಡುವುದು ವ್ಯಾಪಾರಿ, ದಾರಿಯಲ್ಲಿ ಸಿಕ್ಕಿಬೀಳುವುದು ನಾವು. ಒಂದು ಸಲ ಗುಮಾಸ್ತ ನಮ್ಮ ಲಾರಿ ನಂಬರಿನಲ್ಲಿ 3 ಇದ್ದಲ್ಲಿ 8 ಒತ್ತಿಬಿಟ್ಟಿದ್ದ. ಹೆದ್ದಾರಿಯಲ್ಲಿ ತಡೆದರು. ಲಾರಿಯನ್ನೇ ಹಿಡಿದಿಟ್ಟುಕೊಳ್ಳುತ್ತಾರೆ ಅಂತ ನನಗೆ ಕೈಕಾಲು ನಡುಗಿತು. ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಾದರೆ 1,000 ರೂಪಾಯಿ ದಂಡ ಹಾಕಿ ಬಿಡಬಹುದು ಅನ್ನುವ ಸುತ್ತೋಲೆ ಇದೆಯಂತೆ, ಅದು ಫೋನಿನಲ್ಲಿ ವ್ಯಾಪಾರಿ ಹೇಳಿದ ಮೇಲೆ ಗೊತ್ತಾಯಿತು. ದಂಡ ಕಟ್ಟಿ ಹೊರಟೆವು. ಈಗ ಟಾರ್ಪಲ್ ಕಟ್ಟುವ ಮೊದಲು ಮಗ ಬಿಲ್ಲಿನ ನಂಬರ್ ಜೋರಾಗಿ ಓದುತ್ತಾನೆ, ನಾನು ಲಾರಿ ಮುಂದೆ ನಿಂತು ಪ್ಲೇಟ್ ನೋಡುತ್ತೇನೆ.

ಇಷ್ಟೆಲ್ಲ ಬದಲಾದರೂ ಡೀಸೆಲ್ ಮಾತ್ರ ಜಿಎಸ್‌ಟಿಗೆ ಸೇರಲಿಲ್ಲ. ಒಂದೊಂದು ರಾಜ್ಯದ ತೆರಿಗೆ ಒಂದೊಂದು ಥರ. ಎಲ್ಲಿ ಟ್ಯಾಂಕ್ ತುಂಬಿಸುತ್ತೀರೋ ಆ ರಾಜ್ಯಕ್ಕೆ ತೆರಿಗೆ, ಆ ಡೀಸೆಲ್ ಯಾವ ರಾಜ್ಯದ ರಸ್ತೆಯಲ್ಲಿ ಉರಿದರೂ ಅಷ್ಟೇ. ನಮ್ಮ ಲೆಕ್ಕಾಚಾರವೆಲ್ಲ ಇದರ ಮೇಲೆಯೇ ನಡೆಯುತ್ತಿತ್ತು. 2021ರ ನವೆಂಬರಿನಲ್ಲಿ ಕರ್ನಾಟಕ ಲೀಟರಿಗೆ 7 ರೂಪಾಯಿ ಇಳಿಸಿತು. ಅಲ್ಲಿಂದ ಎರಡೂವರೆ ವರ್ಷ ನಮ್ಮ ಕಡೆ ಡೀಸೆಲ್ ಅಗ್ಗ. ಗಡಿ ದಾಟಿದರೆ ಐದಾರು ರೂಪಾಯಿ ಜಾಸ್ತಿ. ನಿಪ್ಪಾಣಿಯಲ್ಲಿ 350 ಲೀಟರ್ ಕುತ್ತಿಗೆವರೆಗೆ ತುಂಬಿಸಿದರೆ ಎರಡು ಸಾವಿರದಷ್ಟು ಉಳಿಯುತ್ತಿತ್ತು. ವಾಪಸ್ ಬರುವಾಗ ಟ್ಯಾಂಕ್ ತಳ ಕಾಣುವಂತೆ ನೋಡಿಕೊಂಡು ಬರುತ್ತಿದ್ದೆ. ಒಂದು ಸಲ ಗಡಿಯಾಚೆ ಕಾಗಲ್ ಹತ್ತಿರ ಡೀಸೆಲ್ ಮುಗಿದು, ಗಾಳಿ ಎಳೆದು ಲಾರಿ ನಿಂತೇಬಿಟ್ಟಿತು. ಕ್ಯಾನ್ ಹಿಡಿದು ಹೋದ ಮಗ, ಬರುವಾಗ ಬೈದುಕೊಂಡೇ ಬಂದ.

2024ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ. 14.34ರಿಂದ 18.44ಕ್ಕೆ ಏರಿತು. 2025ರ ಏಪ್ರಿಲ್ 1ಕ್ಕೆ 21.17 ಆಯಿತು. ಬೆಂಗಳೂರಿನಲ್ಲಿ 85.93 ಇದ್ದ ಡೀಸೆಲ್ 91 ದಾಟಿತು. ಬಾಡಿಗೆ ಒಂದು ರೂಪಾಯಿ ಏರಲಿಲ್ಲ. ಏಪ್ರಿಲ್ 14ರ ಮಧ್ಯರಾತ್ರಿಯಿಂದ ನಡೆದ ಮುಷ್ಕರಕ್ಕೆ ನಾನೂ ಲಾರಿ ನಿಲ್ಲಿಸಿದ್ದೆ.

ನಿಪ್ಪಾಣಿಯ ಲೆಕ್ಕ ಅಲ್ಲಿಗೆ ಮುಗಿಯಿತು. ಗಡಿಯ ಎರಡೂ ಕಡೆ ದರ ಈಗ ಹೆಚ್ಚುಕಡಿಮೆ ಒಂದೇ. ಹೋದ ಸಲ ಅಭ್ಯಾಸದಂತೆ ಅದೇ ಬಂಕಿನ ಕಡೆ ಇಂಡಿಕೇಟರ್ ಹಾಕಿದೆ. ಮಗ ಮೊಬೈಲ್ ತೋರಿಸಿ, "ಅಪ್ಪಾ, ಇಲ್ಲಿ ಯಾಕೆ, ಸತಾರದಲ್ಲಿ ಊಟಕ್ಕೆ ನಿಲ್ಲಿಸ್ತೀವಲ್ವಾ, ಅಲ್ಲೇ ಹಾಕಿಸೋಣ" ಅಂದ. ಇಂಡಿಕೇಟರ್ ಆಫ್ ಮಾಡಿ ಮುಂದೆ ಹೊರಟೆ.